ಗಜಮುಕ್ತ, ನಾಗಮಣಿ: ಮೇಜಿಗೆ ಬಂದರೆ ನಾನು ನೋಡುವ ಬಗೆ

ಉಡುಪಿಯಲ್ಲಿ ರತ್ನ ನೋಡುವ ಕೆಲಸಕ್ಕೆ ಕುಳಿತರೆ ಪಚ್ಚೆ, ಹವಳದ ಜೊತೆಗೆ ಗಜಮುಕ್ತ (ಆನೆಯ ಮುತ್ತು), ನಾಗಮಣಿ (ಹಾವಿನ ಮಣಿ), ಶಂಖಮುತ್ತು ಎಂಬ ಹೆಸರು ಹೊತ್ತವೂ ಮೇಜಿಗೆ ಬರುತ್ತವೆ. 'ಇದು ಅಸಲಿಯಾ?' ಎಂಬ ಪ್ರಶ್ನೆಗೆ ನಾನು ಮೊದಲು ಕೈ ಹಾಕುವುದಿಲ್ಲ. ಇದು ಗಾಜೋ, ದಂತವೋ, ಚಿಪ್ಪಿನ ಜಾತಿಯದೋ ಎಂದು ನೋಡುತ್ತೇನೆ. ಅಷ್ಟು ಗೊತ್ತಾದರೆ ಹೆಸರಿನ ಜಗಳ ಮುಕ್ಕಾಲು ಪಾಲು ಮುಗಿದಂತೆ.

ಮಾರುವವರು ಶಾಸ್ತ್ರ ಹೇಳಿಯೇ ಮಾರುವುದರಿಂದ ಶಾಸ್ತ್ರವೂ ಗೊತ್ತಿರಬೇಕು. ವರಾಹಮಿಹಿರನ ಬೃಹತ್ಸಂಹಿತೆ ಎಂಬ ಹಳೆಯ ಸಂಸ್ಕೃತ ಗ್ರಂಥ ಮುತ್ತಿಗೆ ಎಂಟು ಮೂಲ ಹೇಳುತ್ತದೆ: ಆನೆ, ಹಾವು, ಚಿಪ್ಪು, ಶಂಖ, ಮೋಡ, ಬಿದಿರು, ತಿಮಿ ಮೀನು, ಹಂದಿ. ಹೇರಳವಾಗಿ ಸಿಗುವುದೂ ಒಳ್ಳೆಯದೂ ಚಿಪ್ಪಿನದೇ ಎಂದು ಅಲ್ಲೇ ಇದೆ. ಮೋಡದ ಮುತ್ತನ್ನು ದೇವತೆಗಳು ಆಕಾಶದಲ್ಲೇ ಎತ್ತಿಕೊಳ್ಳುತ್ತಾರಂತೆ, ಹಾಗಾಗಿ ಅದು ನನ್ನ ಮೇಜಿಗೆ ಬರುವ ಪ್ರಶ್ನೆಯಿಲ್ಲ. ಹಾವಿನ ಮುತ್ತಿಗೆ ಒಂದು ಪರೀಕ್ಷೆ ಕೊಟ್ಟಿದ್ದಾರೆ: ಒಳ್ಳೆಯ ಜಾಗದಲ್ಲಿ ಬೆಳ್ಳಿ ಪಾತ್ರೆಯಲ್ಲಿಟ್ಟಾಗ ಇದ್ದಕ್ಕಿದ್ದಂತೆ ಮಳೆ ಸುರಿಯಬೇಕು. ಆಟಿ ತಿಂಗಳ ಮಳೆಗಾಲದಲ್ಲಿ ನಮ್ಮೂರಲ್ಲಿ ಮಕ್ಕಳ ಗೋಲಿಯೂ ಅದರಲ್ಲಿ ಪಾಸಾಗುತ್ತದೆ! ಆನೆಯ ಮುತ್ತಿಗೆ ಬೆಲೆ ಕಟ್ಟಬಾರದು, ತೂತು ಕೊರೆಯಬಾರದು ಎಂಬ ಮಾತೂ ಅದೇ ಗ್ರಂಥದಲ್ಲಿದೆ. ಲಕ್ಷದ ಬೆಲೆ ಹೇಳುವವನಿಗೆ ಈ ಸಾಲು ನೆನಪಿಸಿದರೆ ಮಾತು ಬೇಗ ಚಿಕ್ಕದಾಗುತ್ತದೆ.

ಕೆಲಸ ಶುರುವಾಗುವುದು ನೀರಿನ ತೂಕದಿಂದ. 0.01 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಸಾಕು. ಒಣ ವಸ್ತುವನ್ನು ತೂಗಿ ಬರೆದಿಡಿ. ಆಮೇಲೆ ಅರ್ಧ ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಗಾಳಕ್ಕೆ ಕಟ್ಟುವ ತೆಳು ನೈಲಾನ್ ದಾರದಲ್ಲಿ ವಸ್ತುವನ್ನು ಕಟ್ಟಿ, ತಳಕ್ಕೂ ಬದಿಗೂ ತಾಗದ ಹಾಗೆ ನೀರಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಒಣ ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ. 4.32 ಗ್ರಾಂ ವಸ್ತುವಿಗೆ ನೀರಲ್ಲಿ 1.60 ಬಂದರೆ 2.70. ಚಿಪ್ಪಿನ ಮುತ್ತು ಸಾಮಾನ್ಯವಾಗಿ 2.6ರಿಂದ 2.8ರ ಒಳಗೆ ಬರುತ್ತದೆ. ಆನೆದಂತ 1.7ರಿಂದ 2.0, ಪ್ಲಾಸ್ಟಿಕ್ ಬಹುಪಾಲು 1.5ಕ್ಕಿಂತ ಕೆಳಗೆ.

ಇಲ್ಲಿ ಎಡವುವುದು ಗುಳ್ಳೆಯಿಂದ. ವಸ್ತುವಿಗೆ, ಅದರಲ್ಲೂ ತೂತಿನೊಳಗೆ, ಗಾಳಿ ಅಂಟಿಕೊಂಡರೆ ಸಾಂದ್ರತೆ ಕಡಿಮೆ ಬರುತ್ತದೆ. ಪಾತ್ರೆ ತೊಳೆಯುವ ಸೋಪಿನ ಒಂದು ಹನಿಯನ್ನು ಮೊದಲೇ ನೀರಿಗೆ ಬೆರೆಸಿಡಿ. ಅರ್ಧ ಗ್ರಾಮಿಗಿಂತ ಚಿಕ್ಕ ವಸ್ತುವಿಗೆ ಈ ತಕ್ಕಡಿಯನ್ನು ನಂಬಬೇಡಿ, ಕೊನೆಯ ಅಂಕಿ ಒಂದು ಹೆಚ್ಚುಕಡಿಮೆಯಾದರೂ ಉತ್ತರ ಎಲ್ಲೋ ಹೋಗುತ್ತದೆ. ಮುಳುಗಿಸಿದ ಮೇಲೆ ಗುಳ್ಳೆ ಏಳುತ್ತಾ ಅಂಕಿ ಇಳಿಯುತ್ತಲೇ ಇದ್ದರೆ ವಸ್ತು ನೀರು ಕುಡಿಯುತ್ತಿದೆ ಎಂದರ್ಥ. ಬಿದಿರಿನ ಗೆಣ್ಣಿನೊಳಗೆ ಕಟ್ಟುವ ವಂಶಲೋಚನ ಹೀಗೆ ಮಾಡುತ್ತದೆ. ಅದು ಸಿಲಿಕಾ, ಒಣಗಿದಾಗ ನಾಲಿಗೆಗೆ ಅಂಟುತ್ತದೆ. ವೇಣುಮುತ್ತು ಎಂಬ ಕಲ್ಪನೆಗೆ ಅದೇ ಮೂಲ ಎಂದು ನನ್ನ ಅಂದಾಜು.

ಗಾಜಿನ ಸಾಂದ್ರತೆಯೂ 2.7 ಇರಬಹುದು, ಆದ್ದರಿಂದ ಮುಂದಿನದು ಹತ್ತು ಪಟ್ಟು ಲೆನ್ಸ್. ಹೊಳಪಿರುವ ಮುತ್ತಿನ ಮೈಯಲ್ಲಿ ಬೆರಳಚ್ಚಿನಂಥ ಸಣ್ಣ ಗೆರೆಗಳು ಕಾಣುತ್ತವೆ. ಗಾಜಿನೊಳಗೆ ದುಂಡು ಗುಳ್ಳೆ, ತೂತಿನ ಬಾಯಲ್ಲಿ ಸಿಪ್ಪೆ ಎದ್ದ ಬಣ್ಣ. ಹಲ್ಲಿಗೆ ಉಜ್ಜಿ ಮರಳು ಮರಳಾದರೆ ಮುತ್ತು ಎಂಬ ಮಾತು ಚಿಪ್ಪಿನ ಮುತ್ತಿಗೆ ಮಾತ್ರ ಸರಿ. ಶಂಖದ ಮುತ್ತಿಗೆ ಹಾಗೆ ಮರಳು ಮರಳಾಗುವ ಹೊಳಪಿನ ಪದರವೇ ಇಲ್ಲ, ಮೈ ಪಿಂಗಾಣಿಯಂತೆ ನುಣುಪು. ಹಲ್ಲಿನ ಪರೀಕ್ಷೆ ನಂಬಿ ನಿಜವಾದ ಶಂಖಮುತ್ತನ್ನೇ ನಕಲಿ ಎನ್ನುವವರಿದ್ದಾರೆ.

ನಿಂಬೆರಸ, ಆಸಿಡ್ ಹಾಕಿ ನೊರೆ ನೋಡುವುದನ್ನು ನಾನು ಬಿಟ್ಟಿದ್ದೇನೆ. ಮುತ್ತಿನ ಮೈ ಕೆಡುತ್ತದೆ, ಉತ್ತರವೂ ಸಿಗುವುದಿಲ್ಲ. ಮರುವಾಯಿ ಚಿಪ್ಪನ್ನು ಅರೆದು ದುಂಡಗೆ ಮಾಡಿದರೂ ನೊರೆ ಬರುತ್ತದೆ. ಮೀನಿನ ತಲೆಯೊಳಗಿನ ಕಿವಿಗಲ್ಲೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಮಲ್ಪೆಯಲ್ಲಿ ಸಿಗುವ ಕಲ್ಲೂರು ಮೀನಿನ ತಲೆ ಒಡೆದರೆ ಎರಡು ಬಿಳಿ ಕಲ್ಲು ಸಿಗುತ್ತವೆ. ಮತ್ಸ್ಯಮುತ್ತು ಎಂದು ತೋರಿಸುವುದಕ್ಕೆ ಇದಕ್ಕಿಂತ ಸುಲಭದ ಸರಕಿಲ್ಲ. ಒಂದು ಬದಿಯಲ್ಲಿ ಕೊರೆದಂತಿರುವ ತಗ್ಗು ಗೆರೆ ಕಂಡರೆ ಅದು ಕಿವಿಗಲ್ಲು.

ಉಪ್ಪು ಬೆರೆತ ಬಿಸಿ ಎಣ್ಣೆಯಲ್ಲಿ ನೆನೆಸಿ, ಬಟ್ಟೆಯಲ್ಲಿ ಸುತ್ತಿ ಭತ್ತದಲ್ಲಿ ಉಜ್ಜುವ ಪರೀಕ್ಷೆ ಗರುಡಪುರಾಣದಲ್ಲಿದೆ. ಬಣ್ಣ ಹಚ್ಚಿದ ನಕಲಿ ಅದರಲ್ಲಿ ಸಿಕ್ಕಿಬೀಳುತ್ತದೆ, ಸರಿಯೇ. ಆದರೆ ಭತ್ತದ ಹೊಟ್ಟಿನಲ್ಲಿರುವ ಸಿಲಿಕಾ ಒಳ್ಳೆಯ ಮುತ್ತನ್ನೂ ಗೀರಬಹುದು.

ನಾಗಮಣಿ ಎಂದು ಕತ್ತಲಲ್ಲಿ ಬೆಳಗುವುದನ್ನು ತಂದರೆ ಕಪ್ಪು ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಿ, 24 ಗಂಟೆ ಬಿಟ್ಟು ಕತ್ತಲ ಕೋಣೆಯಲ್ಲೇ ತೆರೆಯುತ್ತೇನೆ. ರೇಡಿಯಂ ಸ್ಟಿಕ್ಕರ್ ಎಂದು ನಾವು ಕರೆಯುವುದರಲ್ಲಿ ಇರುವಂಥ ಪುಡಿ ಬೆರೆತಿದ್ದರೆ ಬೆಳಕು ಆರಿಹೋಗಿರುತ್ತದೆ ಅಥವಾ ತೀರಾ ಮಂಕಾಗಿರುತ್ತದೆ. ಮಾರುವವರು ತೋರಿಸುವ ಮೊದಲು ಟಾರ್ಚ್ ಹಿಡಿಯುವುದು ಅದಕ್ಕೇ. ಕೂದಲು ಸುತ್ತಿ ಬೆಂಕಿಕಡ್ಡಿ ಹಿಡಿದರೂ ಸುಡದ 'ಪವಾಡ'ಕ್ಕೆ ಒಂದು ಗೋಲಿಗೂ ಕೂದಲು ಸುತ್ತಿ ಪಕ್ಕದಲ್ಲೇ ಹಿಡಿಯಿರಿ. ಬಿಗಿಯಾಗಿ ಸುತ್ತಿದ್ದರೆ ಬಿಸಿಯನ್ನು ಗಾಜು ಎಳೆದುಕೊಳ್ಳುತ್ತದೆ, ಸ್ವಲ್ಪ ಹೊತ್ತು ಅದೂ ಸುಡುವುದಿಲ್ಲ.

ಗಜಮುಕ್ತ ಎಂದದ್ದರ ಸಾಂದ್ರತೆ 1.8ರ ಸುತ್ತ ಬಂದು, ಲೆನ್ಸಿನಲ್ಲಿ ಒಂದನ್ನೊಂದು ಅಡ್ಡ ಹಾಯುವ ಗೆರೆಗಳ ಜಾಲ ಕಂಡರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಅದು ಆನೆದಂತ. ಹಂದಿಯ ಕೋರೆಯಲ್ಲಿ ಈ ಜಾಲ ಇರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಆನೆದಂತದ ವ್ಯಾಪಾರ ಅಪರಾಧ. ಅಂದರೆ ಗಾಜಾದರೆ ಹಣ ಹೋಯಿತು, ದಂತವಾದರೆ ಕೇಸು. ಅರಣ್ಯ ಇಲಾಖೆಗೆ ತಿಳಿಸಿ ಎಂದು ಹೇಳಿ ಹಿಂದಿರುಗಿಸುತ್ತೇನೆ.

ಚಿಪ್ಪಿನ ಮುತ್ತು ಎಂದು ತಿಳಿದ ಮೇಲೂ ಅದು ತಾನಾಗಿ ಬೆಳೆದದ್ದೋ, ಸಾಕಿ ಬೆಳೆಸಿದ್ದೋ ಎಂದು ಲೆನ್ಸ್ ಖಚಿತವಾಗಿ ಹೇಳಲಾರದು. ಎಕ್ಸ್‌ರೇ ಬೇಕು, ಮುಂಬೈಗೋ ಜೈಪುರಕ್ಕೋ ಪ್ರಯೋಗಾಲಯಕ್ಕೆ ಕಳಿಸಬೇಕು. ವರದಿ ಬಂದಾಗ ತೂಕ, ಅಳತೆ, ಫೋಟೊ ನಿಮ್ಮ ಕೈಯಲ್ಲಿರುವುದಕ್ಕೇ ಹೊಂದುತ್ತದೆಯೇ ನೋಡಿ, ಆಮೇಲೆ 'ವಸ್ತು' ಎಂಬ ಸಾಲು ಓದಿ. ಆ ಸಾಲೇ ಇಲ್ಲದೆ ದೊಡ್ಡ ಅಕ್ಷರದಲ್ಲಿ 'ಅಸಲಿ ಗಜಮುಕ್ತ' ಎಂದಷ್ಟೇ ಅಚ್ಚಾಗಿದ್ದರೆ ಆ ಕಾಗದವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ತಕ್ಕಡಿಯಿಂದಲೇ ಮತ್ತೆ ಶುರುಮಾಡುತ್ತೇನೆ.