ಓಲೆ ಹಾಕಿದ್ರೆ ಕಿವಿ ಕೆರೆಯುತ್ತಾ?

ಬಸವನಗುಡಿಯ ನನ್ನ ಕ್ಲಿನಿಕ್‌ನಲ್ಲಿ ಹಲ್ಲಿಗೆ ಕ್ಯಾಪ್ ಹಾಕುವ ಮುಂಚೆ ನಾನು ಕೇಳುವ ಪ್ರಶ್ನೆ ಇದು. "ಹಲ್ಲಿಗೂ ಓಲೆಗೂ ಏನು ಸಂಬಂಧ ಡಾಕ್ಟ್ರೇ?" ಅಂತ ನಗುತ್ತಾರೆ. ಸಂಬಂಧ ಕಲಿಸಿದ್ದು ಒಬ್ಬ ಟೀಚರಮ್ಮ.

ಅವರ ಕೆಳದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿ, ಒಳಗೆ ಲೋಹ, ಮೇಲೆ ಪಿಂಗಾಣಿ ಇರುವ ಕ್ಯಾಪ್ ಕೂರಿಸಿದ್ದೆ. ಸ್ವಲ್ಪ ದಿನಕ್ಕೇ ವಾಪಸ್ ಬಂದರು. "ಸಾರು ತಾಗಿದ್ರೆ ಉರಿ ಉರಿ." ನೋಡಿದರೆ ಕ್ಯಾಪಿನ ಸುತ್ತ ವಸಡು ಕೆಂಪಗಿದೆ. ಕ್ಯಾಪಿಗೆ ಒರಗುವ ಕಡೆ ಕೆನ್ನೆಯ ಒಳಗೆ ಬಿಳಿ ಗೆರೆಗಳು, ಬಲೆ ಹೆಣೆದ ಹಾಗೆ.

ಅಲರ್ಜಿ ಅಂತ ತಕ್ಷಣ ಹೊಳೆಯಲಿಲ್ಲ. ವಸಡು ಕೆಂಪಾದರೆ ಬಹಳಷ್ಟು ಸಲ ಕಾರಣ ಕೊಳೆ, ಇಲ್ಲವೇ ಅಂಚು ಸರಿಯಾಗಿ ಕೂರದ ಕ್ಯಾಪ್. ಅಂಚಿಗೆ ಪ್ರೋಬ್ (ಚೂಪು ತುದಿಯ ಕಡ್ಡಿ) ಆಡಿಸಿ ನೋಡಿದೆ, ಸರಿಯಾಗೇ ಇತ್ತು. ಕ್ಲೀನ್ ಮಾಡಿ ಮೌತ್‌ವಾಶ್ ಬರೆದು ಕಳಿಸಿದೆ. ಎರಡು ವಾರವಾದರೂ ಹಾಗೇ.

ಆಗ ಕಣ್ಣಿಗೆ ಬಿದ್ದಿದ್ದು ಅವರ ಕಿವಿ. ಓಲೆ ಇಲ್ಲ, ತೂತಿನಲ್ಲಿ ಬೇವಿನ ಕಡ್ಡಿ. "ಚಿನ್ನದ್ದು ರಿಪೇರಿಗೆ ಕೊಟ್ಟಿದೀನಿ. ಫ್ಯಾನ್ಸಿದು ಹಾಕಿದ್ರೆ ಕಿವಿ ಸೋರುತ್ತೆ."

ಕ್ಯಾಪ್ ಮಾಡಿಕೊಟ್ಟ ಲ್ಯಾಬಿಗೆ ಫೋನ್ ಮಾಡಿದೆ. ಒಳಗಿನ ಲೋಹ ನಿಕಲ್-ಕ್ರೋಮಿಯಂ ಅಂದರು. ಅದರಲ್ಲಿ ಸಾಮಾನ್ಯವಾಗಿ ಶೇಕಡಾ 60ಕ್ಕಿಂತ ಜಾಸ್ತಿ ನಿಕಲ್ಲೇ ಇರುತ್ತದೆ. ಫ್ಯಾನ್ಸಿ ಓಲೆ ಕಿವಿ ಕೆರೆಸುವುದೂ ಹೆಚ್ಚಾಗಿ ಅದೇ ನಿಕಲ್‌ನಿಂದ. ತಪ್ಪು ನನ್ನದೇ. ಚೀಟಿಯಲ್ಲಿ ಸುಮ್ನೆ 'ಮೆಟಲ್ ಸೆರಾಮಿಕ್' ಅಂತ ಬರೆದಿದ್ದೆ, ಯಾವ ಲೋಹ ಅಂತ ಬರೆದಿರಲಿಲ್ಲ.

ಚರ್ಮದ ಡಾಕ್ಟರ ಹತ್ತಿರ ಪ್ಯಾಚ್ ಟೆಸ್ಟಿಗೆ ಕಳಿಸಿದೆ. ವ್ಯಾಸಲೀನಿನಲ್ಲಿ ಕಲಸಿದ ಶೇಕಡಾ 5ರ ನಿಕಲ್ ಸಲ್ಫೇಟನ್ನು ಪುಟ್ಟ ಬಿಲ್ಲೆಯಲ್ಲಿಟ್ಟು ಬೆನ್ನಿಗೆ ಅಂಟಿಸುತ್ತಾರೆ. 48 ಗಂಟೆಗೆ ತೆಗೆದು ನೋಡುತ್ತಾರೆ, 96 ಗಂಟೆಗೆ ಇನ್ನೊಮ್ಮೆ. ಇದು ತಡವಾಗಿ ಏಳುವ ಅಲರ್ಜಿ, ಅದಕ್ಕೇ ಎರಡು ಸಲ. ಅಷ್ಟು ದಿನ ಬೆನ್ನಿಗೆ ನೀರು ತಾಗಬಾರದು. ಏಪ್ರಿಲ್ ಸೆಕೆ ಬೇರೆ. ಬಾಯಿ ಉರಿದಾಗ ಬೈಯದ ಟೀಚರಮ್ಮ ಸ್ನಾನ ತಪ್ಪಿದ್ದಕ್ಕೆ ಚೆನ್ನಾಗಿ ಬೈದರು.

ನಿಕಲ್ ಇಟ್ಟ ಜಾಗ ಕೆಂಪಾಗಿ, ಸಣ್ಣ ಗುಳ್ಳೆ ಎದ್ದಿತ್ತು. ಆದರೂ ಕ್ಯಾಪೇ ಕಾರಣ ಅಂತ ಇಷ್ಟಕ್ಕೇ ಹೇಳೋಕಾಗಲ್ಲ. ಓಲೆ ಆಗದವರಿಗೆಲ್ಲ ಬಾಯಲ್ಲೂ ತೊಂದರೆ ಆಗಲೇಬೇಕೆಂದಿಲ್ಲ, ಅಲ್ಲಿ ಜೊಲ್ಲು ತೊಳೆಯುತ್ತಲೇ ಇರುತ್ತದೆ. ತೆಗೆದು ನೋಡಬೇಕು, ಅಷ್ಟೇ. ಬರ್ (ಹಲ್ಲು ಕೊರೆಯುವ ಮೆಷಿನ್ನಿನ ಮೊನೆ) ಹಿಡಿದು ಕ್ಯಾಪ್ ಸೀಳಿ ತೆಗೆದೆ. ಲೋಹದ ಪುಡಿ ಬಾಯಿಗೆ ಬೀಳದಂತೆ ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಅನ್ನುವ ತೆಳು ರಬ್ಬರ್ ಹಾಳೆ ಕಟ್ಟಿದ್ದೆ, ಜೋರು ಸಕ್ಷನ್ ಇಟ್ಟಿದ್ದೆ. ಆಮೇಲೆ ಲೋಹವೇ ಇಲ್ಲದ ಜಿರ್ಕೋನಿಯಾ ಕ್ಯಾಪ್, ನನ್ನ ಖರ್ಚಿನಲ್ಲಿ. ಉರಿ ಬೇಗ ಇಳಿಯಿತು. ಬಿಳಿ ಗೆರೆ ಮಾಯಲು ಒಂದೂವರೆ ತಿಂಗಳು ಹಿಡಿಯಿತು.

ಈಗ ಲ್ಯಾಬ್ ಚೀಟಿಯಲ್ಲಿ ಲೋಹದ ಹೆಸರು ಬರೆಯದೆ ಕೆಲಸ ಕಳಿಸುವುದಿಲ್ಲ. ಗಂಡಸರಿಗೆ ಓಲೆ ಬದಲು ವಾಚಿನ ಚೈನು, ಬೆಲ್ಟಿನ ಬಕಲ್ ಕೇಳುತ್ತೇನೆ. ಮೊನ್ನೆ ಒಬ್ಬರು ಉತ್ತರ ಹೇಳುವ ಬದಲು ಅಂಗಿ ಎತ್ತಿ ಹೊಕ್ಕುಳ ಕೆಳಗಿನ ಕಪ್ಪು ಕಲೆ ತೋರಿಸಿದರು. ಅವರಿಗೂ ಜಿರ್ಕೋನಿಯಾನೇ ಬರೆದೆ.