ಮೈ ತಣ್ಣಗಿದ್ರೆ ಥರ್ಮಾಮೀಟರ್ ಒಂದನ್ನೇ ನಂಬಬೇಡಿ

ರಾಯಚೂರು ಕಡೆ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಅಕ್ಕಂದಿರೇ, ಅಣ್ಣಂದಿರೇ, ನಮ್ಮದು ಬಿಸಿಲಿನ ಊರು, ಇಲ್ಲಿ ಚಳಿಗೆ ಯಾರಿಗೆ ಏನಾಗುತ್ತೆ ಅಂದುಕೊಳ್ಳಬೇಡಿ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ಗದ್ದೆಗೆ ನೀರು ಬಿಡಲು ಹೋದವರು, ಕಾಲುವೆಗೆ ಬಿದ್ದವರು, ಕುಡಿದು ಬಯಲಲ್ಲಿ ಮಲಗಿದವರು, ಒಂಟಿಯಾಗಿರುವ ಮುದುಕರು ಬಂದರೆ ಮೊದಲು ಹೊಟ್ಟೆ ಮುಟ್ಟಿ ನೋಡಿ. ಕೈಕಾಲು ತಣ್ಣಗಿರೋದು ಮಾಮೂಲಿ. ಹೊಟ್ಟೆಯೂ ತಣ್ಣಗಿದ್ರೆ ಅನುಮಾನ ಪಡಿ.

ದೇಹದ ಒಳಗಿನ ತಾಪ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ. ಆದರೆ ಹಳೇ ಗಾಜಿನ ಥರ್ಮಾಮೀಟರಿನ ಗೆರೆಗಳು ಶುರುವಾಗೋದೇ ಸುಮಾರು 35ರಿಂದ ಅಲ್ವಾ? ಪಾದರಸ ಏರದೆ ಅಲ್ಲೇ ಕೂತಿದ್ರೆ 35 ಅಂತ ಬರೆದು ಸುಮ್ನಾಗಬೇಡಿ, ಕಡಿಮೆ ತಾಪ ತೋರಿಸುವ ಥರ್ಮಾಮೀಟರ್ ತರಿಸಿ ಗುದದ್ವಾರದಲ್ಲಿ ನೋಡಿ. ಕಂಕುಳಿನ ಲೆಕ್ಕ ಇಲ್ಲಿ ಸಾಲದು.

ನಡುಕ ನಿಂತಿತು ಅಂದ್ರೆ ಸುಧಾರಿಸಿದರು ಅಂತಲ್ಲ. ತಾಪ 32ರ ಆಸುಪಾಸಿಗೆ ಇಳಿದಾಗ ನಡುಕ ತಾನಾಗೇ ನಿಲ್ಲುತ್ತೆ, ಮಾತು ತೊದಲುತ್ತೆ, ನಾಡಿ ನಿಧಾನವಾಗುತ್ತೆ. ಇಂಥವರನ್ನು ಕುಡಿದಿದ್ದಾರೆ ಅಂತ ಮೂಲೆಯಲ್ಲಿ ಮಲಗಿಸಿಬಿಡ್ತಾರೆ, ಅದೇ ನನಗೆ ಸಂಕಟ. ನಾಡಿಯನ್ನು ಪೂರಾ ಒಂದು ನಿಮಿಷ ಹಿಡಿದು ನೋಡಿ, ಸಕ್ಕರೆ ಚೆಕ್ ಮಾಡಿ, ಇಸಿಜಿ ತೆಗೆಯಿರಿ. ಒದ್ದೆ ಬಟ್ಟೆ ಬಿಚ್ಚಿ ಒಣ ಕೌದಿ ಹೊದಿಸಿ. ಹೊರಳಿಸುವಾಗ ಮಾತ್ರ ಮೆಲ್ಲಗೆ, ಜೋರಾಗಿ ಅಲುಗಾಡಿಸಿದ್ರೆ ಹೃದಯದ ಬಡಿತವೇ ತಪ್ಪಬಹುದು.