‘ರೌಂಡ್’ ನೌನೋ, ವರ್ಬೋ? ನಾನು ಪಾಠ ಮಾಡುವ ಬಗೆ

ಕನ್ನಡ ಮಾಧ್ಯಮದ ಎಂಟನೇ ತರಗತಿಗೆ ಪಾರ್ಟ್ಸ್ ಆಫ್ ಸ್ಪೀಚ್ (ನೌನ್ ಅಂದರೆ ನಾಮಪದ, ವರ್ಬ್ ಅಂದರೆ ಕ್ರಿಯಾಪದ, ಹೀಗೆ ಪದಗಳ ವರ್ಗಗಳು) ಹೇಳಿಕೊಡುವಾಗ ನಾನು ಪದಗಳ ಪಟ್ಟಿ ಬರೆಸುವುದಿಲ್ಲ. ‘ವಾಟರ್’ ನೌನ್ ಎಂದು ಬಾಯಿಪಾಠ ಮಾಡಿದ ಮಕ್ಕಳು ‘ವಾಟರ್ ದ ಪ್ಲಾಂಟ್ಸ್’ ಕಂಡೊಡನೆ ‘ಗಿಡಗಳಿಗೆ ನೀರು ಹಾಕು’ ಎನ್ನುವ ಬದಲು ‘ನೀರು ಗಿಡಗಳು’ ಎಂದು ಅರ್ಥ ಬರೆದುಬಿಡುತ್ತಾರೆ.

ಮೊದಲ ಹತ್ತು ನಿಮಿಷ ಇಂಗ್ಲಿಷ್ ಮುಟ್ಟುವುದೇ ಇಲ್ಲ. ಬೋರ್ಡಿನ ಮೇಲೆ ‘ನಗು’ ಎಂದಷ್ಟೇ ಬರೆದು, ನಾಮಪದವೋ ಕ್ರಿಯಾಪದವೋ ಕೇಳುತ್ತೇನೆ. ಅರ್ಧ ತರಗತಿ ಹೀಗೆ, ಅರ್ಧ ಹಾಗೆ. ‘ನಗುವನ್ನು’, ‘ನಗುತ್ತಾಳೆ’ ಎಂದು ಪ್ರತ್ಯಯ ಹಚ್ಚಿದರೆ ಜಗಳ ಮುಗಿಯಿತು. ನಮಗೆ ಗುರುತು ಪದದ ಬಾಲದಲ್ಲೇ ಸಿಗುತ್ತದೆ. ಇಂಗ್ಲಿಷಿಗೂ ಒಂದು ಕಾಲಕ್ಕೆ ಬಾಲವಿತ್ತು: ಹಳೆಯ ಇಂಗ್ಲಿಷಿನಲ್ಲಿ ಪ್ರೀತಿಗೆ ‘ಲುಫು’, ಪ್ರೀತಿಸುವುದಕ್ಕೆ ‘ಲುಫಿಯನ್’. ಬಾಲ ಸವೆದು ಎರಡೂ ‘ಲವ್’ ಆದವು. ಹಾಗಾಗಿ ಈಗ ಪದ ವಾಕ್ಯದಲ್ಲಿ ಎಲ್ಲಿ ಕೂತಿದೆ ಎಂದು ನೋಡಬೇಕು.

ಆಮೇಲೆ ‘ರೌಂಡ್’ ಇರುವ ಐದು ವಾಕ್ಯ ಬರೆದು, ಆ ಪದವನ್ನು ಡಸ್ಟರಿನಿಂದ ಮುಚ್ಚುತ್ತೇನೆ. ಖಾಲಿ ಜಾಗಕ್ಕೆ ಬೇರೆ ಯಾವ ಪದ ಒಗ್ಗುತ್ತದೆ ಎಂದು ಮಕ್ಕಳೇ ಹೇಳಬೇಕು. ‘ದ ಟೇಬಲ್ ಈಸ್ ರೌಂಡ್’: ‘ಬಿಗ್’ ಒಗ್ಗುತ್ತದೆ, ಆದ್ದರಿಂದ ಅಡ್ಜೆಕ್ಟಿವ್ (ಗುಣವಾಚಕ). ‘ವಿ ಲಾಸ್ಟ್ ದ ಫಸ್ಟ್ ರೌಂಡ್’: ‘ಗೇಮ್’, ನೌನ್. ‘ದ ಶಿಪ್ ರೌಂಡೆಡ್ ದ ಕೇಪ್’: ‘ಪಾಸ್ಡ್’, ವರ್ಬ್. ಎಡವುವುದು ಉಳಿದೆರಡರಲ್ಲಿ. ‘ದೇ ಸ್ಯಾಟ್ ರೌಂಡ್ ದ ಫೈರ್’, ‘ಶಿ ಟರ್ನ್ಡ್ ರೌಂಡ್’. ಮೊದಲನೆಯದರಲ್ಲಿ ‘ಯಾವುದರ ಸುತ್ತ?’ ಎಂದರೆ ‘ದ ಫೈರ್’ ಎಂಬ ಉತ್ತರ ಪಕ್ಕದಲ್ಲೇ ಇದೆ, ಅದು ಪ್ರಿಪೊಸಿಷನ್ (ನಾಮಪದದ ಹಿಂದೆ ಕೂತು ಸಂಬಂಧ ಹೇಳುವ ಪದ). ಎರಡನೆಯದರಲ್ಲಿ ಮುಂದೆ ಏನೂ ಇಲ್ಲ, ಅದು ಅಡ್ವರ್ಬ್ (ಕ್ರಿಯಾವಿಶೇಷಣ).

‘ದ’ ಆದಮೇಲೆ ಬಂದದ್ದೆಲ್ಲ ನೌನ್ ಎಂಬ ಗೈಡುಗಳ ಸೂತ್ರ ‘ದ ರೌಂಡ್ ಟೇಬಲ್’ ಎದುರು ಕೈಕೊಡುತ್ತದೆ. ಪದದ ಕೊನೆಯ ‘ಸ್’ ಕೂಡ ನಂಬಿಕೆಗೆ ಅರ್ಹವಲ್ಲ: ‘ಹರ್ ವರ್ಕ್ಸ್’ನಲ್ಲಿ ಅದು ಬಹುವಚನ, ‘ಶಿ ವರ್ಕ್ಸ್’ನಲ್ಲಿ ಕ್ರಿಯೆಯ ಗುರುತು. ಅಡ್ವರ್ಬ್ ಎಂದರೆ ‘ಲಿ’ ಇರಲೇಬೇಕು ಎಂದುಕೊಂಡವರು ‘ಶಿ ವರ್ಕ್ಸ್ ಹಾರ್ಡ್ಲಿ’ ಎಂದು ಬರೆಯುತ್ತಾರೆ. ‘ಕಷ್ಟಪಟ್ಟು’ ಎನ್ನಲು ‘ಹಾರ್ಡ್’ ಇದ್ದಹಾಗೇ ಅಡ್ವರ್ಬ್ ಆಗುತ್ತದೆ. ‘ಶಿ ಹಾರ್ಡ್ಲಿ ವರ್ಕ್ಸ್’ ಎಂದರೆ ಹೆಚ್ಚುಕಡಿಮೆ ಕೆಲಸವನ್ನೇ ಮಾಡುವುದಿಲ್ಲ ಎಂದಂತೆ!

‘ವೆಲ್’ ಪದವನ್ನು ಈ ಪಾಠಕ್ಕೆ ತರುವುದಿಲ್ಲ. ಬಾವಿ ಎಂಬರ್ಥದ ‘ವೆಲ್’ ಬೇರೆ, ಚೆನ್ನಾಗಿ ಎಂಬರ್ಥದ್ದು ಬೇರೆ; ಅದು ‘ರೌಂಡ್’ನಂತೆ ಒಂದೇ ಪದ ಹಲವು ಕೆಲಸ ಮಾಡುವುದಲ್ಲ. ದೇವರಾದ ‘ಹರಿ’ಗೂ ಹೊಳೆ ಹರಿಯುವ ‘ಹರಿ’ಗೂ ಏನು ನಂಟು?

ಉಚ್ಚಾರಣೆಗೆ ಮೇಜು ಕುಟ್ಟಿಸುತ್ತೇನೆ. ‘ರೆಕಾರ್ಡ್’, ‘ಪರ್ಮಿಟ್’ ನೌನ್ ಆದಾಗ ಒತ್ತು ಮೊದಲ ತುಂಡಿಗೆ, ವರ್ಬ್ ಆದಾಗ ಎರಡನೆಯದಕ್ಕೆ. ಎಲ್ಲಕ್ಕೂ ಹೀಗಲ್ಲ, ‘ಆನ್ಸರ್’, ‘ರಿಪ್ಲೈ’ ಎರಡು ಕಡೆಯೂ ಒಂದೇ. ‘ಯೂಸ್’ನಲ್ಲಿ ಕೊನೆಯ ಸದ್ದು ಬದಲಾಗುತ್ತದೆ: ನೌನ್ ‘ಯೂಸ್’, ವರ್ಬ್ ‘ಯೂಜ಼್’.

ಕೊನೆಯ ಐದು ನಿಮಿಷಕ್ಕೆ ಒಂದೇ ವಾಕ್ಯ: ‘ದ ಓಲ್ಡ್ ಮ್ಯಾನ್ ದ ಬೋಟ್’. ತಪ್ಪು ವಾಕ್ಯ ಎಂದು ಗಲಾಟೆ ಏಳುತ್ತದೆ. ವರ್ಬ್ ಎಲ್ಲಿದೆ ಹುಡುಕಿ ಎನ್ನುತ್ತೇನೆ. ‘ಮ್ಯಾನ್’ ಮೇಲೆ ಡಸ್ಟರ್ ಇಟ್ಟು ಯಾರಾದರೂ ‘ರೋ’ (ಹುಟ್ಟು ಹಾಕು) ಎಂದರೆ ಗಂಟು ಬಿಚ್ಚಿತು, ಇಲ್ಲಿ ‘ಮ್ಯಾನ್’ ವರ್ಬ್: ‘ದ ಓಲ್ಡ್’ ಎಂದರೆ ವಯಸ್ಸಾದವರು, ದೋಣಿ ನಡೆಸುವವರು ಅವರೇ.